ಫುಲ್ ಇನ್ಶೂರೆನ್ಸ್ ಇದ್ದ ಮೇಲೆ ಆರ್‌ಎಸ್‌ಎ ಯಾಕೆ?

ಓದುಗರ ಪ್ರಶ್ನೆ: ನನ್ನ ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ, ಬಂಪರ್ ಟು ಬಂಪರ್ ಕೂಡ ಹಾಕಿಸಿದ್ದೇನೆ. ಈಗ ರಿನ್ಯೂವಲ್ ಹೊತ್ತಿಗೆ ಏಜೆಂಟ್ ಫೋನ್ ಮಾಡಿ "ಆರ್‌ಎಸ್‌ಎ ಸೇರಿಸ್ಲಾ ಸಾರ್?" ಅಂತ ಕೇಳುತ್ತಿದ್ದಾರೆ. ದಾರಿಯಲ್ಲಿ ಗಾಡಿ ಕೆಟ್ಟರೆ ಇನ್ಶೂರೆನ್ಸ್‌ನವರೇ ನೋಡಿಕೊಳ್ಳಬೇಕು ಅಲ್ವಾ? ಇದಕ್ಕೆ ಬೇರೆ ದುಡ್ಡು ಯಾಕೆ?

ಉತ್ತರ: ಕಳಿಸುವವರ ಹೆಸರು ಬೇರೆ, ಕಾರು ಬೇರೆ, ಪ್ರಶ್ನೆ ಮಾತ್ರ ಯಾವಾಗಲೂ ಇದೇ. ಆದ್ದರಿಂದ ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ಇಲ್ಲ, ಅವರು ನೋಡಿಕೊಳ್ಳುವುದಿಲ್ಲ. ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ಆರ್‌ಎಸ್‌ಎ, ನಿಮಗೆ ಬೇಕೇ ಬೇಡವೇ ಅನ್ನುವುದು ಕಾರಿನ ವಯಸ್ಸು ಮತ್ತು ನೀವು ಓಡಾಡುವ ದಾರಿಯನ್ನು ನೋಡಿ ತೀರ್ಮಾನಿಸಬೇಕಾದ ವಿಷಯ. ಬೇಡ ಅನ್ನಲು ಒಳ್ಳೆಯ ಕಾರಣಗಳೂ ಇವೆ. "ಫುಲ್ ಇನ್ಶೂರೆನ್ಸ್ ಇದೆ" ಅನ್ನುವುದು ಮಾತ್ರ ಅವುಗಳಲ್ಲಿ ಒಂದಲ್ಲ.

ಈ "ಫುಲ್" ಎಲ್ಲಿಂದ ಬಂತು ನೋಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಅದು. ಅದರ ಜೊತೆಗೆ ನಿಮ್ಮ ಗಾಡಿಗೇ ಆಗುವ ಹಾನಿಯ ಭಾಗವನ್ನೂ, ಅಂದರೆ ಓನ್ ಡ್ಯಾಮೇಜನ್ನೂ ಸೇರಿಸಿದರೆ ಪ್ಯಾಕೇಜ್ ಪಾಲಿಸಿ ಆಗುತ್ತದೆ. ಇದನ್ನೇ ನಾವೆಲ್ಲ ಫುಲ್ ಇನ್ಶೂರೆನ್ಸ್ ಅನ್ನುವುದು. ಥರ್ಡ್ ಪಾರ್ಟಿಗೆ ಹೋಲಿಸಿದರೆ ಫುಲ್, ಅಷ್ಟೇ. ಕಾರಿಗೆ ಬರಬಹುದಾದ ಎಲ್ಲ ಕಷ್ಟಕ್ಕೂ ಫುಲ್ ಅಂತ ಯಾರೂ ಬರೆದುಕೊಟ್ಟಿಲ್ಲ.

ಓನ್ ಡ್ಯಾಮೇಜ್ ಭಾಗ ಯಾವುದಕ್ಕೆಲ್ಲ ಅಂತ ಪಾಲಿಸಿಯಲ್ಲೇ ಪಟ್ಟಿ ಇರುತ್ತದೆ. ಅಪಘಾತ, ಬೆಂಕಿ, ಸಿಡಿಲು, ಕಳ್ಳತನ, ಗಲಭೆ, ಪ್ರವಾಹ, ಭೂಕಂಪ, ಭೂಕುಸಿತ ಇತ್ಯಾದಿ. ಹೆಚ್ಚಿನವು ಹೊರಗಿನಿಂದ ಬಂದು ಗಾಡಿಗೆ ಬಡಿಯುವ ಆಪತ್ತುಗಳು. ಅದರ ಕೆಳಗೇ ಇನ್ನೊಂದು ಪಟ್ಟಿ ಇದೆ, ಕಂಪನಿ ಯಾವುದಕ್ಕೆ ಕೊಡುವುದಿಲ್ಲ ಅಂತ. ಸವೆತ, ಸವಕಳಿ, ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಬ್ರೇಕ್‌ಡೌನ್. ಬ್ರೇಕ್‌ಡೌನ್ ಅನ್ನುವ ಪದವನ್ನೇ ಬಳಸಿ "ಕೊಡುವುದಿಲ್ಲ" ಅಂತ ಬರೆದಿದ್ದಾರೆ. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಬರೆಯಬೇಕು ಹೇಳಿ! ಮನೆಗೆ ಬೆಂಕಿ ವಿಮೆ ಮಾಡಿಸಿ, ಮಿಕ್ಸಿ ಕೆಟ್ಟಾಗ ಅವರಿಗೇ ಫೋನ್ ಮಾಡಿದ ಹಾಗೆ ಇದು.

ಉದಾಹರಣೆಗೆ ನೆಲಮಂಗಲ ದಾಟಿದ ಮೇಲೆ ಟೈಮಿಂಗ್ ಬೆಲ್ಟ್ ಕಡಿಯಿತು ಅನ್ನಿ. ವಿಮೆ ಇಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಕ್ಲಚ್ ಸುಟ್ಟು ವಾಸನೆ ಬಂತು. ಇಲ್ಲ. ಆಫೀಸಿನ ಪಾರ್ಕಿಂಗ್‌ನಲ್ಲಿ ಬ್ಯಾಟರಿ ಡೌನ್. ಇಲ್ಲ. ಬರೀ ಪಂಕ್ಚರ್? ಅದೂ ಇಲ್ಲ. ಗಾಡಿಯ ಬೇರೆ ಭಾಗಕ್ಕೂ ಅದೇ ಹೊತ್ತಿಗೆ ಹಾನಿಯಾಗಿದ್ದರೆ ಮಾತ್ರ ಟೈರಿಗೆ ದುಡ್ಡು, ಅದೂ ಮಾಮೂಲಿ ಪಾಲಿಸಿಯಲ್ಲಿ ಅರ್ಧ.

"ನನಗೆ ಬಂಪರ್ ಟು ಬಂಪರ್ ಇದೆಯಲ್ಲ" ಅನ್ನುತ್ತೀರಿ. ಇರಲಿ, ಒಳ್ಳೆಯದೇ. ಆದರೆ ಅದರ ನಿಜವಾದ ಹೆಸರು ಝೀರೋ ಡೆಪ್ರಿಸಿಯೇಶನ್. ಡೆಪ್ರಿಸಿಯೇಶನ್ ಅಂದರೆ ಸವಕಳಿ, ಭಾಗ ಹಳೆಯದಾದ ಹಾಗೆ ಇಳಿಯುವ ಬೆಲೆ. ಅಪಘಾತದಲ್ಲಿ ಬಂಪರ್ ಒಡೆದರೆ ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ, ಫೈಬರ್ ಗ್ಲಾಸಿಗೆ 30%. ಝೀರೋ ಡೆಪ್ ಇದ್ದರೆ ಅದನ್ನು ಕಳೆಯುವುದಿಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಕ್ಲೇಮ್ ಇದ್ದರೆ ತಾನೇ ಸವಕಳಿಯ ಮಾತು? ಕೆಟ್ಟು ನಿಂತ ಗಾಡಿಗೆ ಕ್ಲೇಮೇ ಹುಟ್ಟುವುದಿಲ್ಲ. ಶೂನ್ಯದಿಂದ ಏನೂ ಕಳೆಯದಿದ್ದರೂ ಉಳಿಯುವುದು ಶೂನ್ಯವೇ.

ಈ ನಂಬಿಕೆ ಗಟ್ಟಿಯಾಗಿ ಕೂರಲು ಒಂದು ಕಾರಣವೂ ಇದೆ, ಅದನ್ನೂ ಹೇಳಬೇಕು. ಪಾಲಿಸಿಯಲ್ಲಿ ಗಾಡಿ ಎಳೆಸುವ ಖರ್ಚು ಅಂತ ಒಂದು ಸಾಲು ನಿಜವಾಗಿಯೂ ಇದೆ. ಯಾರೋ ಓದಿದ್ದಾರೆ, ಯಾರಿಗೋ ಹೇಳಿದ್ದಾರೆ, ಅದು ಎಲ್ಲ ಕಡೆ ಹಬ್ಬಿದೆ. ಆದರೆ ಆ ಸಾಲನ್ನು ಪೂರ್ತಿ ಓದಿ. ಪಾಲಿಸಿಯಲ್ಲಿ ಒಳಗೊಂಡ ಹಾನಿಯಿಂದ ಗಾಡಿ ನಿಂತರೆ ಮಾತ್ರ, ಹತ್ತಿರದ ಗ್ಯಾರೇಜಿಗೆ ಸಾಗಿಸುವ ಖರ್ಚು. ಅಂದರೆ ಡಿಕ್ಕಿಯಾಗಿ ನಿಂತರೆ ಉಂಟು, ಬೆಲ್ಟ್ ಕಡಿದು ನಿಂತರೆ ಇಲ್ಲ. ಮಿತಿ ಎಷ್ಟು ಗೊತ್ತಾ? ಖಾಸಗಿ ಕಾರಿಗೆ ಒಂದು ಅಪಘಾತಕ್ಕೆ 1500 ರೂಪಾಯಿ. ಬೈಕಿಗೆ 300. ಇವು 2002ರ ಮೋಟಾರ್ ಟ್ಯಾರಿಫ್ (ವಾಹನ ವಿಮೆಯ ನಿಯಮಾವಳಿ) ಕಾಲದ ಅಂಕಿಗಳು. ಇವತ್ತು ಶಿರಾಡಿ ಘಾಟಿಯಿಂದ ಮಂಗಳೂರಿಗೆ ಗಾಡಿ ಎಳೆಸಲು 1500 ಕೊಡುತ್ತೇನೆ ಅಂದು ನೋಡಿ, ಫೋನ್ ಇಟ್ಟುಬಿಡುತ್ತಾರೆ.

ಇನ್ನು ಅಪಘಾತಕ್ಕೂ ಬ್ರೇಕ್‌ಡೌನ್‌ಗೂ ನಡುವೆ ನಿಲ್ಲುವ ಒಂದು ಪ್ರಕರಣ ಇದೆ. ಜಗಳ ಜಾಸ್ತಿ ಆಗುವುದೇ ಇಲ್ಲಿ. ಬಣ್ಣ ಬಳಿಯದ ಹಂಪ್ ಕಾಣಲಿಲ್ಲ, ಗಾಡಿ ಎಗರಿ ಆಯಿಲ್ ಚೇಂಬರ್ ಒಡೆಯಿತು. ಇದು ಹೊರಗಿನ ಪೆಟ್ಟು, ಅಪಘಾತವೇ. ಚೇಂಬರಿಗೆ ವಿಮೆ ಸಿಗುತ್ತದೆ. ಆದರೆ ನೀವು ಆಯಿಲ್ ಲೈಟ್ ಉರಿಯುತ್ತಿದ್ದರೂ "ಮನೆ ಇನ್ನೇನು ಬಂತು" ಅಂತ ಓಡಿಸಿದಿರಿ, ಎಂಜಿನ್ ಸೀಜ್ ಆಯಿತು. ಎಂಜಿನ್ನಿಗೆ ಸಿಗುವುದಿಲ್ಲ. ರಿಪೇರಿ ಮಾಡಿಸದೆ ಓಡಿಸಿದ್ದರಿಂದ ಹೆಚ್ಚಿದ ಹಾನಿ ಮಾಲೀಕನ ತಲೆಗೇ ಅಂತ ಪಾಲಿಸಿಯ ಷರತ್ತಿನಲ್ಲೇ ಇದೆ. ಕೆಟ್ಟ ಗಾಡಿಯನ್ನು ರಸ್ತೆಯಲ್ಲಿ ಸುಮ್ನೆ ಬಿಟ್ಟು ಹೋಗಬಾರದು, ಜಾಗ್ರತೆ ಮಾಡಬೇಕು ಅಂತಲೂ ಅಲ್ಲೇ ಇದೆ. ಈಗ ಯೋಚಿಸಿ. ಓಡಿಸುವ ಹಾಗಿಲ್ಲ, ಬಿಟ್ಟು ಹೋಗುವ ಹಾಗಿಲ್ಲ. ಎಳೆಸಲೇಬೇಕು. ಆರ್‌ಎಸ್‌ಎಗೆ ಬೆಲೆ ಬರುವುದು ಇಲ್ಲಿ.

ಹಾಗಾದರೆ ಅದು ಏನು ಕೊಡುತ್ತದೆ? ಬ್ಯಾಟರಿ ಇಳಿದರೆ ಜಂಪ್ ಸ್ಟಾರ್ಟ್. ಪಂಕ್ಚರ್ ಆದರೆ ಸ್ಟೆಪ್ನಿ ಹಾಕಿಕೊಡುವುದು. ಪೆಟ್ರೋಲ್ ಮುಗಿದರೆ ಕೆಲವು ಲೀಟರ್ ತಂದುಕೊಡುವುದು, ಪೆಟ್ರೋಲಿನ ದುಡ್ಡು ನಿಮ್ಮದೇ. ಕೀ ಒಳಗೆ ಉಳಿದರೆ ಬಾಗಿಲು ತೆಗೆಸುವುದು. ಚಿಕ್ಕ ರಿಪೇರಿ ಅಲ್ಲೇ, ಆಗದಿದ್ದರೆ ಗ್ಯಾರೇಜಿಗೆ ಎಳೆಸುವುದು. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುವ ಮೊದಲೇ ಚಿವುಟಿಬಿಡುತ್ತೇನೆ. ಆರ್‌ಎಸ್‌ಎ ಗಾಡಿಯನ್ನು ಗ್ಯಾರೇಜಿನ ತನಕ ಮುಟ್ಟಿಸುತ್ತದೆ, ಗ್ಯಾರೇಜಿನ ಬಿಲ್ ಕಟ್ಟುವುದಿಲ್ಲ. ಸ್ಪೇರ್ ಪಾರ್ಟ್ಸ್ ಖರ್ಚು ನಿಮ್ಮದು. ಮತ್ತೆ, ಆರ್‌ಎಸ್‌ಎ ಬಳಸಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ ಅಂತ ಹೆದರಿ ಕೆಲವರು ಫೋನೇ ಮಾಡುವುದಿಲ್ಲ. ಟೋಯಿಂಗ್ ಗಾಡಿ ಕರೆಸುವುದು ಓನ್ ಡ್ಯಾಮೇಜ್ ಕ್ಲೇಮ್ ಅಲ್ಲ. ಬೋನಸ್ ಎಲ್ಲೂ ಹೋಗುವುದಿಲ್ಲ.

ಈಗ ನಿಮ್ಮ ಏಜೆಂಟಿಗೆ ಏನು ಹೇಳಬೇಕು? ಮೊದಲು ಕಾರಿನ ವಾರಂಟಿ ಕಾಗದ ತೆಗೆಯಿರಿ. ಹೊಸ ಕಾರಿನ ಮೊದಲ ಕೆಲವು ವರ್ಷ ಕಾರ್ ಕಂಪನಿಯೇ ಆರ್‌ಎಸ್‌ಎ ಕೊಟ್ಟಿರುವುದು ಸಾಮಾನ್ಯ. ಅದು ಚಾಲ್ತಿಯಲ್ಲಿದ್ದರೆ ಏಜೆಂಟಿಗೆ ಬೇಡ ಅನ್ನಿ, ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಯಾಕೆ? ಈಗಿನ ಪಾಲಿಸಿಯಲ್ಲೇ ಅದು ಸೇರಿರಲೂಬಹುದು, ಮೊದಲ ಪುಟದ ಆಡ್‌ಆನ್ (ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಸೌಲಭ್ಯ) ಪಟ್ಟಿ ನೋಡಿ. ಎರಡೂ ಕಡೆ ಇಲ್ಲ, ಗಾಡಿಗೆ ವಯಸ್ಸಾಗಿದೆ, ಹಬ್ಬಕ್ಕೆ ಊರಿಗೆ ಹೋಗಿ ಬರುತ್ತೀರಿ ಅಂದರೆ ಹಾಕಿಸಿ. ಸಾಮಾನ್ಯ ಕಾರಿಗೆ ಕೆಲವು ನೂರು ರೂಪಾಯಿಯ ಮಾತು. ಮನೆಯಿಂದ ಮಾರ್ಕೆಟ್ಟಿಗೆ ಮಾತ್ರ ಓಡುವ ಗಾಡಿಯಾದರೆ, ಪರಿಚಯದ ಮೆಕ್ಯಾನಿಕ್ ಬೀದಿ ಕೊನೆಯಲ್ಲೇ ಇದ್ದರೆ, ಇಲ್ಲದಿದ್ದರೂ ನಡೆಯುತ್ತದೆ. ಇದನ್ನು ಹೇಳಿದ್ದಕ್ಕೆ ಏಜೆಂಟರು ನನ್ನ ಮೇಲೆ ಸಿಟ್ಟಾಗಬಾರದು.

ಹಾಕಿಸುವುದಾದರೆ ಕೇಳಬೇಕಾದ ಮುಖ್ಯ ಮಾತು ಒಂದೇ: ಎಷ್ಟು ಕಿಲೋಮೀಟರ್ ತನಕ ಎಳೆಯುತ್ತೀರಿ? ಕೆಲವದರಲ್ಲಿ 50, ಕೆಲವದರಲ್ಲಿ 100. ಆಮೇಲಿನದಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ನೀವೇ ಕೊಡಬೇಕು. ಬೆಂಗಳೂರಿನ ಒಳಗೆ 50 ಧಾರಾಳ. ಆಗುಂಬೆಯ ಹತ್ತಿರ ನಿಂತರೆ, ನಿಮ್ಮ ಕಾರಿನ ಕಂಪನಿಯ ಸರ್ವಿಸ್ ಸೆಂಟರ್ ಶಿವಮೊಗ್ಗದಲ್ಲೋ ಉಡುಪಿಯಲ್ಲೋ ಇದ್ದರೆ, 50 ಸಾಲದು. ಆಟೋಮ್ಯಾಟಿಕ್ ಗಾಡಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಎಲೆಕ್ಟ್ರಿಕ್ ಗಾಡಿ ಇದ್ದವರು ಫ್ಲ್ಯಾಟ್‌ಬೆಡ್, ಅಂದರೆ ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಲಾರಿ, ಕಳಿಸುತ್ತಾರಾ ಅಂತಲೂ ಕೇಳಿ. ಎಂಜಿನ್ ಅಥವಾ ಮೋಟರಿಗೆ ಜೋಡಿಸಿದ ಚಕ್ರ ನೆಲದಲ್ಲಿ ಉರುಳುತ್ತಾ ಎಳೆಸಿಕೊಂಡರೆ ಗೇರ್‌ಬಾಕ್ಸ್ ಹಾಳಾಗಬಹುದು. ಫೋನ್ ಮಾಡುವಾಗಲೇ ಹೇಳಿ, ಟೋಯಿಂಗ್ ಗಾಡಿ ಬಂದ ಮೇಲೆ ಅಲ್ಲ.

ಪಂಕ್ಚರ್‌ಗೆ ಯಾವ ವಿಮೆ, ಹತ್ತಿರದ ಅಂಗಡಿ ಹುಡುಗನನ್ನು ಬೈಕಲ್ಲಿ ಕರೆಸಿದರಾಯಿತು ಅನ್ನುವವರಿಗೆ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಬರಬಹುದು, ಬೇಲಿಯ ಆಚೆಯಿಂದ ನಿಮಗೆ ಕೈ ಬೀಸಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟರೆ 1033ಕ್ಕೂ ಫೋನ್ ಮಾಡಬಹುದು, ಅದು ಹೆದ್ದಾರಿ ಪ್ರಾಧಿಕಾರದ ಉಚಿತ ಸಹಾಯವಾಣಿ. ಟೋಲ್ ರಸ್ತೆಗಳಲ್ಲಿ ಗಸ್ತು ಗಾಡಿ, ಕ್ರೇನ್ ಇಟ್ಟಿರುತ್ತಾರೆ. ಆದರೆ ಅವರ ಕೆಲಸ ರಸ್ತೆ ತೆರವು ಮಾಡುವುದು, ನಿಮ್ಮ ಇಷ್ಟದ ಗ್ಯಾರೇಜಿಗೆ ಮುಟ್ಟಿಸುವುದಲ್ಲ.

ಬ್ರೇಕ್‌ಡೌನ್ ಮಾತು ಬಂದಾಗ ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಮಳೆ ನೀರಲ್ಲಿ ನಿಂತ ಕಾರಿನ ಕಥೆ ಏನು? 2022ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಬೆಳ್ಳಂದೂರು, ಯಮಲೂರು ಕಡೆ ಕೋಟಿ ಬೆಲೆಯ ಕಾರುಗಳೂ ಮುಳುಗಿ ನಿಂತಿದ್ದವು. ಪ್ರವಾಹ ಪಟ್ಟಿಯಲ್ಲಿದೆ, ಹಾಗಾಗಿ ಸೀಟು, ಕಾರ್ಪೆಟ್, ವೈರಿಂಗ್ ಹಾಳಾದರೆ ಓನ್ ಡ್ಯಾಮೇಜ್‌ನಲ್ಲಿ ಕ್ಲೇಮ್ ಸಿಗುತ್ತದೆ. ತೊಂದರೆ ಎಂಜಿನ್ನಿನದು. ನೀರು ಒಳಗೆ ಹೋಗಿರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಮೇಲೆ ಬರುತ್ತದೆ. ಗಾಳಿಯಾದರೆ ಒತ್ತಿದಷ್ಟೂ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕೊನೆಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾನಿ ನೋಡಲು ಬರುವ ಸರ್ವೇಯರ್ ಎಂಜಿನ್ ಬಿಚ್ಚಿಸಿ ಬಾಗಿದ ರಾಡ್ ನೋಡಿದರೆ, ಇದು ನೀರಿನಿಂದ ಆದದ್ದಲ್ಲ, ನೀರಲ್ಲಿ ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಬರೆಯುತ್ತಾರೆ. ಮಾಮೂಲಿ ಪಾಲಿಸಿಯಲ್ಲಿ ಆಗ ಎಂಜಿನ್ ಬಿಲ್ ನಿಮ್ಮ ಕೈಗೇ ಬರುತ್ತದೆ. ಝೀರೋ ಡೆಪ್ ಇಲ್ಲೂ ಸಹಾಯಕ್ಕೆ ಬರುವುದಿಲ್ಲ.

ಆದ್ದರಿಂದ ಅಂಡರ್‌ಪಾಸ್‌ನಲ್ಲಿ ಎಂಜಿನ್ ಆಫ್ ಆದರೆ ಮೊದಲು ಗಾಡಿಯಿಂದ ಇಳಿದು ಎತ್ತರದ ಜಾಗಕ್ಕೆ ಹೋಗಿ. ಬೇಸ್‌ಮೆಂಟಿನಲ್ಲಿ ನೀರು ನಿಂತಿದ್ದರೆ, ಆ ನೀರು ಇಳಿದ ಮೇಲೂ "ಒಂದು ಸಲ ನೋಡೋಣ" ಅಂತ ಕೀ ತಿರುಗಿಸಬೇಡಿ. ಫೋಟೋ ತೆಗೆದು, ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ.

ಈ ಎಂಜಿನ್ ನಷ್ಟಕ್ಕೇ ಎಂಜಿನ್ ಪ್ರೊಟೆಕ್ಟ್ ಅನ್ನುವ ಬೇರೆ ಆಡ್‌ಆನ್ ಇದೆ. ನೀರು ನಿಲ್ಲುವ ಬಡಾವಣೆಯಲ್ಲಿ ಇರುವವರು ಆರ್‌ಎಸ್‌ಎಗಿಂತ ಮೊದಲು ಇದನ್ನು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಗಾಡಿ ಹಳೆಯದಾದ ಹಾಗೆ ಇದನ್ನು ಕೊಡಲು ಕಂಪನಿಗಳು ಹಿಂದೇಟು ಹಾಕುತ್ತವೆ. ಮಳೆ ಶುರುವಾದ ಮೇಲೆ ಸೇರಿಸೋಣ ಅಂದರೂ ಸಾಮಾನ್ಯವಾಗಿ ಆಗುವುದಿಲ್ಲ, ಪಾಲಿಸಿ ತೆಗೆದುಕೊಳ್ಳುವಾಗ ಅಥವಾ ರಿನ್ಯೂವಲ್ ಹೊತ್ತಿನಲ್ಲೇ ಆಗಬೇಕು. ನಿಮ್ಮ ಏಜೆಂಟ್ ಈಗ ಫೋನಿನಲ್ಲಿ ಇದ್ದಾರಲ್ಲ, ಆರ್‌ಎಸ್‌ಎ ಜೊತೆಗೆ ಇದರ ರೇಟನ್ನೂ ಇವತ್ತೇ ಕೇಳಿ.