ಬೆಳ್ಳಿಚುಕ್ಕಿಯ ಬೇಗೆಯಲ್ಲಿ ಎರಡು ಗಂಟೆ

ಶುಕ್ರ ಸೂರ್ಯನಿಗೆ ಹತ್ತಿರವಿರುವುದರಿಂದಲೇ ಅಲ್ಲಿ ಅಷ್ಟು ಬಿಸಿ ಎಂಬುದು ಸಾಮಾನ್ಯ ನಂಬಿಕೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಅಲ್ಲಿ ಬೀಳುವ ಬಿಸಿಲು ಭೂಮಿಗೆ ಸಿಗುವುದರ ಸುಮಾರು 1.9 ಪಟ್ಟು, ನಿಜ. ಆದರೆ ಗಂಧಕಾಮ್ಲದ ಮೋಡಗಳು ಅದರ ಮುಕ್ಕಾಲು ಪಾಲನ್ನು ಬಂದ ದಾರಿಯಲ್ಲೇ ಹಿಂದೆ ಕಳಿಸುತ್ತವೆ. ಭೂಮಿ ಹಿಂದೆ ಕಳಿಸುವುದು ಶೇ 30ರಷ್ಟು ಮಾತ್ರ. ಅಂದರೆ ಪ್ರತಿ ಚದರ ಮೀಟರಿಗೆ ಶುಕ್ರ ಉಳಿಸಿಕೊಳ್ಳುವ ಬಿಸಿಲು ನಮ್ಮದಕ್ಕಿಂತ ಕಡಿಮೆ. ಅಷ್ಟೇ ಬಿಸಿಲಿನಲ್ಲಿ, ಶಾಖ ಹಿಡಿದಿಡುವ ಗಾಳಿಯಿಲ್ಲದೆ ಇದ್ದರೆ ನೆಲ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿರಬೇಕಿತ್ತು. ಇರುವುದು 465 ಡಿಗ್ರಿ. ನಡುವಿನ 500 ಡಿಗ್ರಿಯಷ್ಟು ಅಂತರ ಪೂರ್ತಿ ಗಾಳಿಯ ಕೆಲಸ: ಶೇ 96.5 ಕಾರ್ಬನ್ ಡೈಆಕ್ಸೈಡ್, ನೆಲದ ಮೇಲಿನ ಒತ್ತಡ ನಮ್ಮಲ್ಲಿಯದರ 92 ಪಟ್ಟು.

ಈ ಗ್ರಹದ ಅಧ್ಯಯನ ಅಗತ್ಯವೆನ್ನಲು ನನಗೆ ಇದೊಂದೇ ಕಾರಣ ಸಾಕು. ಶುಕ್ರನ ವ್ಯಾಸ 12,104 ಕಿಲೋಮೀಟರ್, ಭೂಮಿಯದು 12,742. ತೂಕ ನಮ್ಮ ಗ್ರಹದ ಶೇ 81ರಷ್ಟು. ಅಲ್ಲಿ ಗಾಳಿಯಲ್ಲಿರುವಷ್ಟು ಇಂಗಾಲ ಹೆಚ್ಚುಕಡಿಮೆ ನಮ್ಮಲ್ಲೂ ಇದೆ; ನಮ್ಮದು ಸುಣ್ಣದಕಲ್ಲಿನಲ್ಲಿ ಸೇರಿ ಕೂತಿದೆ. ಅದನ್ನು ಗಾಳಿಯಿಂದ ಕಲ್ಲಿಗೆ ಇಳಿಸಲು ನೀರು ಬೇಕು. ಶುಕ್ರ ಕಳೆದುಕೊಂಡದ್ದು ಅದನ್ನೇ. 1978ರಲ್ಲಿ ನಾಸಾದ ಪಯೋನಿಯರ್ ವೀನಸ್ ಶೋಧಕ ಅಲ್ಲಿನ ಗಾಳಿಯಲ್ಲಿ ಸಾದಾ ಹೈಡ್ರೋಜನ್‌ಗೆ ಹೋಲಿಸಿದರೆ ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ನಮ್ಮಲ್ಲಿಗಿಂತ ನೂರು ಪಟ್ಟಿಗೂ ಹೆಚ್ಚಿರುವುದನ್ನು ಅಳೆಯಿತು. ನೀರು ಒಡೆದಾಗ ಹಗುರ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಬೇಗ ಜಾರಿಹೋಗುತ್ತದೆ, ಭಾರದ್ದು ಹಿಂದುಳಿಯುತ್ತದೆ. ಆ ನೀರು ಎಂದಾದರೂ ಸಮುದ್ರವಾಗಿ ನಿಂತಿತ್ತೇ, ಅಥವಾ ಹಬೆಯಾಗಿದ್ದಾಗಲೇ ಹಾರಿಹೋಯಿತೇ? ಉತ್ತರ ಜಡಾನಿಲಗಳಲ್ಲಿದೆ. ಕ್ಸೆನಾನ್, ಕ್ರಿಪ್ಟಾನ್ ಯಾವುದರೊಡನೆಯೂ ಸುಲಭಕ್ಕೆ ಬೆರೆಯುವುದಿಲ್ಲ. ಅವುಗಳ ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳ, ಪ್ರಮಾಣದಲ್ಲಿ ಗ್ರಹದ ಹಳೆಯ ಲೆಕ್ಕ ಉಳಿದಿರುತ್ತದೆ. ಶುಕ್ರನ ಕ್ಸೆನಾನ್ ಪ್ರಮಾಣವನ್ನು ಇಂದಿಗೂ ಯಾರೂ ಸರಿಯಾಗಿ ಅಳೆದಿಲ್ಲ. ದೂರದರ್ಶಕದಿಂದ ಆಗುವ ಕೆಲಸವೂ ಅಲ್ಲ, ಮೋಡದ ಕೆಳಗಿಳಿದು ಗಾಳಿಯನ್ನೇ ಒಳಗೆಳೆದುಕೊಳ್ಳಬೇಕು.

ಇಳಿಯುವುದು ಹೇಗೆ? ಮೇಲಿನ ಭಾಗ ಸುಲಭ. ಸುಮಾರು 50 ಕಿಲೋಮೀಟರ್ ಎತ್ತರದಲ್ಲಿ ಒತ್ತಡ ನಮ್ಮ ಸಮುದ್ರಮಟ್ಟದಷ್ಟೇ, ಉಷ್ಣತೆ 75 ಡಿಗ್ರಿ. 1985ರಲ್ಲಿ ಸೋವಿಯತ್ ಒಕ್ಕೂಟದ ವೇಗಾ ನೌಕೆಗಳು ಬಿಟ್ಟ ಎರಡು ಬಲೂನುಗಳು 54 ಕಿಲೋಮೀಟರ್ ಎತ್ತರದಲ್ಲಿ ತಲಾ ಸುಮಾರು 46 ಗಂಟೆ ತೇಲಿದವು. ಅಲ್ಲಿಂದ ಕೆಳಗೆ ಮಾತ್ರ ಎಲ್ಲವೂ ಗಡಿಯಾರದ ಜೊತೆಗಿನ ಓಟ. ಹೆಚ್ಚು ಹೊತ್ತು ತೇಲಿದರೆ ನೆಲ ಮುಟ್ಟುವ ಮೊದಲೇ ಒಳಗಿನ ಉಪಕರಣಗಳು ಕಾದುಹೋಗುತ್ತವೆ. ಅದಕ್ಕಾಗಿ ಸೋವಿಯತ್ ಒಕ್ಕೂಟದ ವೆನೆರಾ ನೌಕೆಗಳು, 9ನೆಯದರಿಂದ ಮುಂದೆ, ಪ್ಯಾರಾಶೂಟನ್ನು ಸುಮಾರು 50 ಕಿಲೋಮೀಟರ್ ಎತ್ತರದಲ್ಲೇ ಕಳಚಿ ಬೀಳುತ್ತಿದ್ದವು. ನೆಲದ ಬಳಿ ಒಂದು ಘನಮೀಟರ್ ಗಾಳಿಯೇ ಸುಮಾರು 65 ಕಿಲೋ ತೂಗುತ್ತದೆ; ಅಂಥ ಗಾಳಿಯಲ್ಲಿ ವೇಗ ತಗ್ಗಿಸಲು ಲೋಹದ ಒಂದು ಅಗಲ ಬಿಲ್ಲೆ ಸಾಕು.

ಒತ್ತಡವನ್ನು ತಡೆಯುವುದು ಟೈಟಾನಿಯಂ ಗೋಳ. ಶಾಖವನ್ನು ತಡೆಯಲು ಆಗುವುದಿಲ್ಲ, ತಡಮಾಡಲು ಆಗುತ್ತದೆ. ಇಳಿಯುವ ಮೊದಲೇ ಒಳಭಾಗವನ್ನು ಸೊನ್ನೆಗಿಂತ ಕೆಳಗೆ ತಂಪು ಮಾಡಿ, ಸುತ್ತ ದಪ್ಪ ಶಾಖನಿರೋಧಕ ಹೊದಿಸಿ, ಒಳಗೆ ಲಿಥಿಯಂ ನೈಟ್ರೇಟ್ ಟ್ರೈಹೈಡ್ರೇಟ್ ಎಂಬ ಲವಣ ಇಡುತ್ತಾರೆ. ಅದು ಸುಮಾರು 30 ಡಿಗ್ರಿಯಲ್ಲಿ ಕರಗುತ್ತದೆ. ಕರಗುತ್ತಿರುವಷ್ಟು ಹೊತ್ತು ಶಾಖವನ್ನು ನುಂಗುತ್ತದೆ. 32 ನಿಮಿಷಕ್ಕೆಂದು ಕಟ್ಟಿದ ವೆನೆರಾ 13, 1982ರ ಮಾರ್ಚ್ 1ರಂದು ಇಳಿದು 127 ನಿಮಿಷ ಬಾಳಿತು.

ಎಡವಿದ ಕಡೆಗಳಲ್ಲೇ ಹೆಚ್ಚು ಕಲಿಯುವುದಿದೆ. 1967ರ ವೆನೆರಾ 4 ನೀರಿಗೆ ಬಿದ್ದರೂ ಕೆಲಸ ಮಾಡಲೆಂದು ಅದರ ಆಂಟೆನಾಕ್ಕೆ ಸಕ್ಕರೆಯ ಬೀಗ ಹಾಕಿದ್ದರು. ನೀರು ಸಕ್ಕರೆಯನ್ನು ಕರಗಿಸಿ ಬೀಗ ತೆಗೆಯಬೇಕಿತ್ತು. ನೌಕೆ ನೆಲ ತಲುಪಲೇ ಇಲ್ಲ, ಸುಮಾರು 25 ಕಿಲೋಮೀಟರ್ ಎತ್ತರದಲ್ಲೇ ಮೌನವಾಯಿತು. ಒತ್ತಡದ ಅಂದಾಜು ಅಷ್ಟು ಕಡಿಮೆಯಿತ್ತು. 1970ರ ವೆನೆರಾ 7ರ ಪ್ಯಾರಾಶೂಟ್ ಕೈಕೊಟ್ಟಿತು, ನೌಕೆ ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಿತು. ಆಂಟೆನಾ ಭೂಮಿಯತ್ತ ಸರಿಯಾಗಿ ತಿರುಗಿರಲಿಲ್ಲವಾದ್ದರಿಂದ ಸಂಕೇತ ನೂರರಲ್ಲೊಂದು ಪಾಲಿಗೆ ಕುಸಿಯಿತು. ಮಾಹಿತಿ ಬದಲಿಸುವ ಸ್ವಿಚ್ ಸಿಲುಕಿ ಉಷ್ಣತೆಯ ಅಂಕಿ ಮಾತ್ರ 23 ನಿಮಿಷ ಬಂತು. ಇನ್ನೊಂದು ಗ್ರಹದ ನೆಲದಿಂದ ಬಂದ ಮೊದಲ ಮಾಹಿತಿ ಅದೇ.

ಅಷ್ಟಾಗಿ ಚರ್ಚೆಯಾಗದ ಒಂದು ತೊಂದರೆ ನನಗೆ ಹೆಚ್ಚು ಮುಖ್ಯ. ಪಯೋನಿಯರ್ ವೀನಸ್‌ನ ದೊಡ್ಡ ಶೋಧಕದಲ್ಲಿ ಗಾಳಿ ಒಳಬರುವ ಸಣ್ಣ ರಂಧ್ರವನ್ನು ಗಂಧಕಾಮ್ಲದ ಹನಿ ಮುಚ್ಚಿಕೊಂಡಿತು. ಸುಮಾರು 50ರಿಂದ 28 ಕಿಲೋಮೀಟರ್ ಎತ್ತರದವರೆಗೆ ವಾತಾವರಣದ ನಿಜವಾದ ಮಾಪನ ಸಿಗಲಿಲ್ಲ. ಶಾಖಕ್ಕೆ ಹನಿ ಆವಿಯಾದ ಮೇಲೆ ದಾರಿ ತೆರೆಯಿತು. ಮುಂದೆ ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಆ ಯೋಜನೆಯ ಎಲ್ಲ ನಾಲ್ಕು ಶೋಧಕಗಳ ಹೊರಗಿನ ಉಷ್ಣತಾ ಸಂವೇದಕಗಳೂ ಕೆಟ್ಟವು. ಹಾಗಾಗಿ ಆ ಕೊನೆಯ 12 ಕಿಲೋಮೀಟರಿನ ಗಾಳಿಯ ಬಗ್ಗೆ ನಮ್ಮಲ್ಲಿರುವ ನೇರ ಅಳತೆ ತೀರಾ ತೆಳು. ವೆನೆರಾ 14ರ ಕಥೆ ಗೊತ್ತಿರುವವರು ಹೆಚ್ಚು: ಕ್ಯಾಮೆರಾದಿಂದ ಹಾರಿದ ಮುಚ್ಚಳ ನೆಲದ ಗಟ್ಟಿತನ ಅಳೆಯುವ ತೋಳಿನ ಅಡಿಗೇ ಹೋಗಿ ಬಿತ್ತು, ತೋಳು ಮುಚ್ಚಳವನ್ನೇ ಒತ್ತಿತು.

ಕಕ್ಷೆಯಿಂದ ಆಗುವ ಕೆಲಸ ಬೇರೆ. ಮೋಡ ದಾಟಲು ರೇಡಾರ್ ಬೇಕು. ಮೆಜೆಲನ್ ನೌಕೆ ಶುಕ್ರನ ಶೇ 98ರಷ್ಟು ನೆಲದ ನಕ್ಷೆ ತೆಗೆಯಿತು. ಆ ಹಳೆಯ ಚಿತ್ರಗಳನ್ನೇ ಮತ್ತೆ ಕೂತು ನೋಡಿದಾಗ, ಮಾತ್ ಮಾನ್ಸ್ ಎಂಬ ಪರ್ವತದ ಬಳಿಯ ಒಂದು ಜ್ವಾಲಾಮುಖಿ ಬಾಯಿ 1991ರ ಫೆಬ್ರುವರಿ ಮತ್ತು ಅಕ್ಟೋಬರ್ ನಡುವೆ ಸುಮಾರು 2.2 ಚದರ ಕಿಲೋಮೀಟರಿನಿಂದ 4ಕ್ಕೆ ಅಗಲವಾದದ್ದು ಕಂಡಿತು. 2023ರಲ್ಲಿ ಪ್ರಕಟವಾದ ಈ ಗುರುತು ಶುಕ್ರ ಇನ್ನೂ ಒಳಗಿನಿಂದ ಅನಿಲ ಉಗುಳುತ್ತಿದೆ ಎಂಬ ಊಹೆಗೆ ಗಟ್ಟಿ ಆಧಾರ.

ನೆಲದಲ್ಲಿ ದಿನಗಟ್ಟಲೆ ನಿಲ್ಲಬೇಕಾದರೆ ಸಾಮಾನ್ಯ ಸಿಲಿಕಾನ್ ಚಿಪ್ ಸಾಲದು, ಅದು 250 ಡಿಗ್ರಿ ದಾಟುತ್ತಲೇ ಸೋಲುತ್ತದೆ. ಶುಕ್ರನ ಒತ್ತಡ, ಶಾಖಗಳನ್ನು ಹುಟ್ಟಿಸಿದ ಪರೀಕ್ಷಾ ಕೋಣೆಯಲ್ಲಿ ಸಿಲಿಕಾನ್ ಕಾರ್ಬೈಡ್ ವಿದ್ಯುನ್ಮಂಡಲಗಳು ಯಾವ ರಕ್ಷಾಕವಚವೂ ಇಲ್ಲದೆ 521 ಗಂಟೆ ಓಡಿವೆ. ಆದರೆ ಅವು ತೀರಾ ಸರಳ ಮಂಡಲಗಳು. ಕ್ಯಾಮೆರಾ ನಡೆಸುವಷ್ಟು ಶಕ್ತವಲ್ಲ.

ಹಾಗಾಗಿ 2021ರಲ್ಲಿ ನಾಸಾ ಆರಿಸಿದ ಡಾವಿಂಚಿ ಶೋಧಕವೂ ಟೈಟಾನಿಯಂ ಗೋಳವನ್ನೇ ನಂಬಿದೆ. ಆಲ್ಫಾ ರೀಜಿಯೋ ಎಂಬ ಎತ್ತರದ ಪ್ರದೇಶದತ್ತ ಸುಮಾರು ಒಂದು ಗಂಟೆ ಬೀಳುತ್ತಾ ಅದು ಗಾಳಿಯನ್ನು ಮತ್ತೆ ಮತ್ತೆ ಒಳಗೆಳೆದು ಜಡಾನಿಲಗಳನ್ನು ಅಳೆಯಬೇಕು, ಮೋಡ ಕಳೆದ ಮೇಲೆ ಕೆಳಗಿನ ಕಲ್ಲಿನ ಚಿತ್ರ ತೆಗೆಯಬೇಕು. ನೆಲ ಮುಟ್ಟಿದ ಮೇಲೂ ಕೆಲವು ನಿಮಿಷ ಬದುಕಿದರೆ ಅದು ಲಾಭ; ಯೋಜನೆಯ ಮುಖ್ಯ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು.