ಎಲೆ ಸಂಚಿಯೊಳಗಿನ ಬಿಪಿ ಗುಳಿಗೆ

ಈಚೆಗೆ ಒಂದು ಸಂತೆಯ ದಿನ ನಾನು ಡಾಕ್ಟರಾಗಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಂಡರಗಿ ಕಡೆಯ ತಾಂಡಾದಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ವಯಸ್ಸು ಐವತ್ತರ ಆಚೀಚೆ. ಬಿಪಿ ನೋಡಿದೆ, 178/104. ಬಿಸಿಲಲ್ಲಿ ನಡೆದು ಬಂದಿದ್ದಾರೆ ಅಂತ ಐದು ನಿಮಿಷ ಕೂರಿಸಿ ಮತ್ತೆ ನೋಡಿದೆ. 172/102.

"ಗುಳಿಗಿ ತಗೊಳ್ಳಾಕ ಹತ್ತೀಯೇನವ್ವಾ?" ಅಂದೆ.

"ತಗೋತೀನ್ರೀ ಸಾಹೇಬ್ರ" ಅಂತ ಸೊಂಟದಿಂದ ಎಲೆ ಅಡಿಕೆ ಸಂಚಿ ತೆಗೆದರು. ಒಂದು ಖಾನೆಯಲ್ಲಿ ಅಡಿಕೆ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಮೂರನೆಯದರಲ್ಲಿ ತಂಬಾಕು. ಆ ತಂಬಾಕಿನ ಜೊತೆಯಲ್ಲೇ ಬಿಪಿ ಗುಳಿಗೆ ಅಮ್ಲೋಡಿಪಿನ್‌ನ ಪಟ್ಟಿ ಇತ್ತು. ಹಿಂಬದಿಗೆ ಸುಣ್ಣ ಮೆತ್ತಿಕೊಂಡಿತ್ತು. ಹತ್ತರ ಪಟ್ಟಿಯಲ್ಲಿ ಆರು ಖಾಲಿ, ನಾಲ್ಕು ಉಳಿದಿದ್ದವು. ಕಾರ್ಡು ನೋಡಿದೆ. ನಾವು 30 ಗುಳಿಗೆ ಕೊಟ್ಟು ಐದು ತಿಂಗಳಾಗಿತ್ತು.

ಅಂದರೆ ಐದು ತಿಂಗಳಿಗೆ 26 ಗುಳಿಗೆ. ಅವರದ್ದೂ ಒಂದು ಲೆಕ್ಕ ಇತ್ತು. "ದಿನಾ ನುಂಗಿದ್ರ ತಿಂಗಳಿಗೇ ಮುಗೀತಾವಲ್ರೀ. ಗೋವಾದಾಗ ಯಾರು ಕೊಡ್ತಾರ? ತಲಿ ಹಿಡಿದಾಗಷ್ಟ ತಗೊಂಡೆ." ದುಡಿಯೋಕೆ ಗೋವಾಕ್ಕೆ ಹೋಗುವ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಅಲ್ಲೂ ಸರ್ಕಾರಿ ದವಾಖಾನೆ ಇವೆ, ನಿಜ. ಆದರೆ ಒಂದು ದಿನದ ಪಗಾರ ಬಿಟ್ಟು, ಗೊತ್ತಿಲ್ಲದ ಊರಲ್ಲಿ, ಬಾರದ ಭಾಷೆಯಲ್ಲಿ ಒಂದು ಪಟ್ಟಿ ಗುಳಿಗೆ ಕೇಳೋಕೆ ಯಾರು ಹೋಗ್ತಾರೆ ಹೇಳಿ.

ಈಗ ನಮ್ಮ ದಾಖಲೆ ನೋಡಿ. ಈ ಅಕ್ಕನ ತಪಾಸಣೆ ಆಗಿದೆ. ಬಿಪಿ ಇದೆ ಅಂತ ಗೊತ್ತಾಗಿದೆ. ಚಿಕಿತ್ಸೆ ಶುರುವಾಗಿದೆ. ಮೂರೂ ಕಡೆ ಟಿಕ್ ಬಿದ್ದಿದೆ. ಕಾಗದದ ಮೇಲೆ ಇವರು ನಮ್ಮ ಕೇಂದ್ರದ ಸಾಧನೆ!

ಬಿಪಿ, ಶುಗರ್, ಕ್ಯಾನ್ಸರ್‌ಗೆ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2010ರಲ್ಲಿ. 2018ರ ನಂತರ ಉಪಕೇಂದ್ರಗಳು ಆರೋಗ್ಯ ಕ್ಷೇಮ ಕೇಂದ್ರಗಳಾದವು, ಈಗ ಆಯುಷ್ಮಾನ್ ಆರೋಗ್ಯ ಮಂದಿರ. ನಗರದ ಬಡಾವಣೆಗಳಿಗೆ 'ನಮ್ಮ ಕ್ಲಿನಿಕ್' ಹೆಸರಿನ ಸರ್ಕಾರಿ ದವಾಖಾನೆ ಬಂತು. ಅದಕ್ಕೆ 2022ರ ಡಿಸೆಂಬರಿನಲ್ಲಿ ಚಾಲನೆ ಸಿಕ್ಕಿದ್ದು ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲೇ. ಬೋರ್ಡು ಎಷ್ಟು ಸಲ ಬದಲಾಯಿತು ಅನ್ನೋದನ್ನು ಪೇಂಟರ್‌ಗಳನ್ನೇ ಕೇಳಬೇಕು. ಆದರೂ ಇದನ್ನು ಹಗುರವಾಗಿ ನೋಡಬಾರದು. ಮೊದಲು ಹಳ್ಳಿಯಲ್ಲಿ ಬಿಪಿ ನೋಡುವವರೇ ಇರಲಿಲ್ಲ. ಲಕ್ವಾ ಹೊಡೆದು, ಬಾಯಿ ಸೊಟ್ಟಗಾಗಿ, ಗದಗಕ್ಕೋ ಹುಬ್ಬಳ್ಳಿಗೋ ಹೊತ್ತುಕೊಂಡು ಹೋದ ಮೇಲೆಯೇ ಬಿಪಿ ಇತ್ತು ಅಂತ ತಿಳಿಯುತ್ತಿತ್ತು. ಈಗ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಟೇಪ್ ಹಿಡಿದು ಬರುತ್ತಾರೆ. 30 ದಾಟಿದ ಎಲ್ಲರಿಗೂ ಒಂದು ಫಾರಂ. ತಂಬಾಕು, ಕುಡಿತ, ಮನೆಯಲ್ಲಿ ಯಾರಿಗಾದರೂ ಶುಗರ್ ಇತ್ತೇ, ಸೊಂಟದ ಸುತ್ತಳತೆ ಎಷ್ಟು. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಅಂಕ ಏರುತ್ತದೆ. ಒಟ್ಟು ಅಂಕ 4 ಮೀರಿದವರನ್ನು ಮೊದಲು ತಪಾಸಣೆಗೆ ಕರೆತರಬೇಕು. (ಊರ ಗೌಡರ ಸೊಂಟ ಅಳೆಯೋಕೆ ಹೋದ ಆಶಾ ಒಬ್ಬರ ಕಥೆ ಇದೆ. ಅದನ್ನು ಇಲ್ಲಿ ಬರೆದರೆ ಇಬ್ಬರೂ ನನ್ನನ್ನು ಬಿಡಲ್ಲ.)

ನನ್ನ ತಕರಾರು ತಪಾಸಣೆಯ ಮೇಲಲ್ಲ, ಅಲ್ಲಿಗೇ ಲೆಕ್ಕ ನಿಲ್ಲುವುದರ ಮೇಲೆ. ತಿಂಗಳ ಸಭೆಯಲ್ಲಿ ನನ್ನನ್ನು ಕೇಳುವ ಮೊದಲ ಪ್ರಶ್ನೆ "ಸ್ಕ್ರೀನಿಂಗ್ ಎಷ್ಟಾಯ್ತು ಡಾಕ್ಟ್ರೇ?" ಗುರಿ ಮುಟ್ಟಬೇಕೆಂದು ಒಂದೇ ಬೆಳಗ್ಗೆ ಇನ್ನೂರು ಜನರ ಬಿಪಿ ನೋಡಿದರೆ ಏನಾಗುತ್ತದೆ ಅಂತ ರಿಜಿಸ್ಟರ್ ತೆರೆದರೆ ಗೊತ್ತಾಗುತ್ತದೆ. 120/80, 130/80, 120/80, 130/80. ಸಾಲು ಸಾಲು ಸೊನ್ನೆ. ನಿಜವಾಗಿ ಅಳೆದರೆ 137 ಬರುತ್ತದೆ, 143 ಬರುತ್ತದೆ. ಇಂಥ ಸೊನ್ನೆಗಳನ್ನು ನಾನೂ ಬರೆದಿದ್ದೇನೆ, ಸುಮ್ನೆ ಸಿಬ್ಬಂದಿ ಮೇಲೆ ಹಾಕಲ್ಲ.

ತಮಾಷೆ ಅಂದರೆ, ಸರಿಯಾದ ಪ್ರಶ್ನೆ ನೀತಿಯಲ್ಲಿ ಮೊದಲೇ ಇದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ತೆಗೆದು ನೋಡಿ. ಹೃದ್ರೋಗ, ಕ್ಯಾನ್ಸರ್, ಶುಗರ್, ದೀರ್ಘಕಾಲದ ಉಸಿರಾಟದ ಕಾಯಿಲೆಗಳಿಂದ ಅಕಾಲದಲ್ಲಿ ಆಗುವ ಸಾವು 2025ರೊಳಗೆ ಶೇ. 25ರಷ್ಟು ಇಳಿಯಬೇಕು ಅಂತಿದೆ. ಅದರ ಜೊತೆಗೇ ಇನ್ನೊಂದು ಗುರಿ ಇದೆ: ಬಿಪಿ, ಶುಗರ್ ಇದೆ ಅಂತ ಗೊತ್ತಿರುವವರಲ್ಲಿ ನೂರಕ್ಕೆ 80 ಜನರ ಕಾಯಿಲೆ ಹಿಡಿತದಲ್ಲಿರಬೇಕು. ಎಷ್ಟು ಜನರನ್ನು ನೋಡಿದಿರಿ ಅಂತಲ್ಲ, ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ ಅಂತ ಲೆಕ್ಕ. ದೆಹಲಿಯಿಂದ ನಮ್ಮ ತಾಲೂಕಿಗೆ ಬರುವಷ್ಟರಲ್ಲಿ ಆ ಗುರಿ ಎಲ್ಲೋ ಜಾರಿಹೋಯಿತು.

ಹಿಡಿತಕ್ಕೆ ತರುವುದು ದೊಡ್ಡ ವಿದ್ಯೆಯೇನಲ್ಲ. 2017ರ ಕೊನೆಗೆ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಶುರುವಾಯಿತು. ಮಾಡಿದ್ದು ಸರಳ ಕೆಲಸ. ಎಲ್ಲ ಡಾಕ್ಟರಿಗೂ ಒಂದೇ ಪಟ್ಟಿ: ಮೊದಲು ಯಾವ ಗುಳಿಗೆ, ತಿಂಗಳಲ್ಲಿ ಇಳಿಯದಿದ್ದರೆ ಮುಂದೆ ಯಾವುದು. ಪ್ರತಿ ರೋಗಿಗೂ ಒಂದು ಕಾರ್ಡು. ಬಾರದವರಿಗೆ ಫೋನು. ಔಷಧಿಯನ್ನು ರೋಗಿಗಳ ತಲೆ ಎಣಿಸಿ ತರಿಸುವುದು.

ಈ ಕೊನೆಯದು ಚಿಕ್ಕದಾಗಿ ಕಾಣುತ್ತದೆ, ಆದರೆ ಎಲ್ಲವೂ ಅದರ ಮೇಲೇ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ವಯಸ್ಕರಲ್ಲಿ ನೂರಕ್ಕೆ 11 ಜನರಿಗೆ ಶುಗರ್, 35 ಜನರಿಗೆ ಬಿಪಿ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30 ಸಾವಿರ ಜನ ಅಂತ ನಿಯಮ. ಅದರಲ್ಲಿ ವಯಸ್ಕರು 20 ಸಾವಿರ ಅಂತಿಟ್ಟುಕೊಳ್ಳಿ. ಆ ಲೆಕ್ಕ ನಮ್ಮೂರಿಗೆ ಹಾಕಿದರೆ ಬಿಪಿ ಇರುವವರು 7 ಸಾವಿರ. ಅರ್ಧ ಜನಕ್ಕೆ ದಿನಕ್ಕೊಂದು ಗುಳಿಗೆ ಕೊಟ್ಟರೂ ತಿಂಗಳಿಗೆ ಒಂದು ಲಕ್ಷ ದಾಟುತ್ತದೆ!

ನಾವು ಬಹಳ ವರ್ಷ ಬೇಡಿಕೆ ಪಟ್ಟಿ ಬರೆದದ್ದು ಹೀಗಲ್ಲ. ಹೋದ ವರ್ಷ ಎಷ್ಟು ಖರ್ಚಾಯಿತು ಅಂತ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಬರೆಯುವುದು. ಇದರಲ್ಲಿ ಒಂದು ಗುಟ್ಟಿದೆ. ಮೂರು ತಿಂಗಳು ಸ್ಟಾಕ್ ಇರಲಿಲ್ಲ ಅಂದರೆ ಆ ಮೂರು ತಿಂಗಳು ಖರ್ಚೂ ಇಲ್ಲ. ವರ್ಷದ ಕೊನೆಗೆ ಖರ್ಚು ಕಡಿಮೆ ಕಾಣುತ್ತದೆ. ಮುಂದಿನ ವರ್ಷ ಇನ್ನೂ ಕಡಿಮೆ ಬರುತ್ತದೆ. ಹೀಗೆ ಇಲ್ಲದ್ದಕ್ಕೆ ಇಲ್ಲದ್ದೇ ಆಧಾರ. ಅಂಥ ಪಟ್ಟಿಗಳಿಗೆ ನಾನೇ ಸಹಿ ಹಾಕಿದ್ದೇನೆ. ಔಷಧಿ ಕೊಡುವ ಕಿಟಕಿಯಲ್ಲಿ "ಇವತ್ತು ಹತ್ತು ತಗೋರಿ, ಮುಂದಿನ ವಾರ ಬರ್ರಿ" ಅನ್ನುವಾಗ ನನಗೆ ಆ ಸಹಿಯೇ ನೆನಪಾಗುತ್ತದೆ. ಹೊಲದ ಕೆಲಸ ಬಿಟ್ಟು ಬಂದವರು ಮುಂದಿನ ವಾರ ಬರಲ್ಲ. ಯಾಕೆ ಬರಬೇಕು, ಮೈಗೆ ಏನೂ ನೋವಿಲ್ಲ ಅಲ್ವಾ? ಬಿಪಿಯ ಕಿತಾಪತಿಯೇ ಅದು. ಬೇನೆ ಅಂದರೆ ನೋವು ಅಂತ ತಿಳಿದ ಜನಕ್ಕೆ ನೋವಿಲ್ಲದ ಬೇನೆಯನ್ನು ನಂಬಿಸಬೇಕು.

ಎರಡು ಮೂರು ತಿಂಗಳ ಗುಳಿಗೆ ಒಂದೇ ಸಲ ಕೊಡಲು ಆಗಲ್ಲವೇ ಅಂತ ಕೇಳಬಹುದು. ಆಗುತ್ತದೆ, ಮಾಡಿಯೂ ತೋರಿಸಿದ್ದೇವೆ. 2020ರ ಲಾಕ್‌ಡೌನ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ, ಬಿಪಿ, ಶುಗರ್ ಇರುವವರಿಗೆ ಆಶಾ ಅಥವಾ ಉಪಕೇಂದ್ರದ ಮೂಲಕ ಮೂರು ತಿಂಗಳವರೆಗಿನ ಔಷಧಿ ಕೊಡಿ ಅಂತ ಹೇಳಿತ್ತು. ಕೊರೋನಾಕ್ಕೆ ಹೆದರಿ ಮಾಡಿದ್ದನ್ನು ಗೋವಾ ಬಸ್ಸಿಗಾಗಿ ಮಾಡಲು ಏನು ಅಡ್ಡಿ? 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ತಪಾಸಣೆಯನ್ನು ಮನೆ ಬಾಗಿಲಿಗೇ ಒಯ್ಯುತ್ತದೆ. ಒಳ್ಳೆಯದು. ಆದರೆ ವರ್ಷದಲ್ಲಿ ಆರು ತಿಂಗಳು ಬೀಗ ಹಾಕಿರುವ ಬಾಗಿಲುಗಳು ನಮ್ಮಲ್ಲಿ ಜಾಸ್ತಿ.

ತಂಬಾಕಿನ ಬಗ್ಗೆ ಒಂದೇ ಮಾತು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ. ಅಂಗಡಿಯಲ್ಲಿ ಪಾನ್ ಮಸಾಲೆಯ ಚೀಟು ಒಂದು, ತಂಬಾಕಿನ ಚೀಟು ಒಂದು, ಎರಡೂ ಪಕ್ಕಪಕ್ಕದಲ್ಲಿ ನೇತಾಡುತ್ತವೆ. ಬೆರೆಸುವ ಕೆಲಸ ಮಾತ್ರ ಗಿರಾಕಿಯದ್ದು.

ಆ ಅಕ್ಕನಿಗೆ ಅವತ್ತು 90 ಗುಳಿಗೆ ಕೊಟ್ಟೆ. ಗೋವಾಕ್ಕೆ ಹೋಗುವ ತಿಂಗಳನ್ನು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ. ಈಗ ಎಲ್ಲರ ಕಾರ್ಡಿನಲ್ಲೂ ಹಾಗೆ ಬರೆಯುತ್ತೇವೆ. ನಮ್ಮ ಸಿಸ್ಟರ್ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಗುಳಿಗೆ ಸಂಚಿಯಲ್ಲಿ ಇಡಬೇಡವ್ವಾ, ಇದರಲ್ಲಿ ಇಡು ಅಂದರು. ತಿಂಗಳು ಬಿಟ್ಟು ಅಕ್ಕ ಮತ್ತೆ ಬಂದರು. ಬಿಪಿ 138/86. ಡಬ್ಬಿ ತೆಗೆದು ಅಲ್ಲಾಡಿಸಿ ತೋರಿಸಿದರು. ಸಂಚಿ ಸೊಂಟದಲ್ಲೇ ಇತ್ತು. ನಾನು ಅದರ ಕಡೆ ನೋಡಿದ್ದು ಅವರಿಗೆ ಗೊತ್ತಾಯಿತು.

"ಅದರ ಮಾತು ಮುಂದಿನ ಸಲ ಆಡೂಣ್ರೀ" ಅಂದು ಎದ್ದರು.