ಸರ್ವರ್ ಬಂದ್ ಮಾಡದಂಗ ಡಿಸ್ಕ್ ಜಾಗ ಹೆಚ್ಚು ಮಾಡ್ಲಿಕ್ಕ ಆಗ್ತದೇನ್ರಿ?

ಕಲಬುರಗಿಯ ದಾಲ್ ಮಿಲ್‌ನವ್ರೊಬ್ರು ಕೇಳ್ಯಾರ: "ಬಿಲ್ಲಿಂಗ್ ಸರ್ವರ್ ಲಿನಕ್ಸ್ ಮ್ಯಾಲ ನಡೀತದ, ಡಿಸ್ಕ್ 93 ಪರ್ಸೆಂಟ್ ತುಂಬ್ಯಾದ, ತೊಗರಿ ಸೀಜನ್‌ನಾಗ ಒಂದ್ ತಾಸೂ ಬಂದ್ ಇಡ್ಲಿಕ್ಕ ಆಗಲ್ಲ, ಏನ್ ಮಾಡ್ಲಿ?"

ಆಗ್ತದ್ರಿ. ಆದ್ರ ಮೊದಲು ಡಿಸ್ಕ್‌ಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಹೊಡೆದು ಟೈಪ್ ಕಾಲಮ್‌ನಾಗ ಎಲ್‌ವಿಎಂ (lvm, ಡಿಸ್ಕ್‌ಗಳ ಜಾಗ ಕೂಡಿಸಿ ಬೇಕಾದಷ್ಟು ವಾಲ್ಯೂಮ್‌ಗಳಿಗೆ ಹಂಚೋ ವ್ಯವಸ್ಥಾ) ಅಂತ ಬರ್ತದೇನು ನೋಡ್ರಿ, ಬಂದ್ರ ಅರ್ಧ ಕೆಲಸ ಮುಗೀತು ಅಂತ ತಿಳ್ಕೋರಿ. ಮಷೀನ್‌ನಾಗ ಹಾಟ್‌ಸ್ವ್ಯಾಪ್ ಬೇ ಇದ್ರ, ಇಲ್ಲಾ ಅದು ವರ್ಚುವಲ್ ಮಷೀನ್ ಆಗಿದ್ರ, ಓಡ್ತಾ ಇದ್ದಂಗೇ ಹೊಸ ಡಿಸ್ಕ್ ಹಾಕ್ಬಹುದು. ಆಮ್ಯಾಲ ಹೊಸ ಡಿಸ್ಕನ್ನ ಎಲ್‌ವಿಎಂಗೆ ತಯಾರು ಮಾಡೋ ಪಿವಿಕ್ರಿಯೇಟ್ (pvcreate), ಅದನ್ನ ವಾಲ್ಯೂಮ್ ಗ್ರೂಪ್ ಅನ್ನೋ ಒಟ್ಟು ಜಾಗಕ್ಕ ಸೇರಿಸೋ ವಿಜಿಎಕ್ಸ್‌ಟೆಂಡ್ (vgextend), ವಾಲ್ಯೂಮ್ ದೊಡ್ಡದು ಮಾಡೋ ಎಲ್‌ವಿಎಕ್ಸ್‌ಟೆಂಡ್ (lvextend), ಇಷ್ಟೇ ಮೂರು. ಕೊನೇದಕ್ಕ ಮೈನಸ್ ಆರ್ (-r) ಹಚ್ಚೋದು ಮರೀಬ್ಯಾಡ್ರಿ, ಭಾಳ ಮಂದಿ ಇಲ್ಲೇ ಸಿಗ್ಬೀಳ್ತಾರ: ವಾಲ್ಯೂಮ್ ದೊಡ್ಡದಾಗಿರ್ತದ, ಅದರಾಗ ಫೈಲ್ ಇಡೋ ಫೈಲ್‌ಸಿಸ್ಟಮ್ ಹಳೇ ಅಳತಿಯಾಗೇ ಕುಂತಿರ್ತದ, ಖಾಲಿ ಜಾಗ ತೋರಿಸೋ ಡಿಎಫ್ (df) ಕಮಾಂಡ್ ನೋಡಿದ್ರ ಜಾಗ ಒಂದಿಂಚೂ ಹೆಚ್ಚಾಗಿರಲ್ಲ. ಪಕ್ಕದ ಹೊಲ ಖರೀದಿ ಮಾಡಿ ನಡುವಿನ ಬದು ಹಂಗೇ ಬಿಟ್ಟಂಗ. ಮೈನಸ್ ಆರ್ ಮರ್ತಿದ್ರ, ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 (ext4) ಆಗಿದ್ರ ರಿಸೈಜ್2ಎಫ್ಎಸ್ (resize2fs), ಎಕ್ಸ್ಎಫ್ಎಸ್ (XFS) ಆಗಿದ್ರ ಎಕ್ಸ್ಎಫ್ಎಸ್ ಗ್ರೋಎಫ್ಎಸ್ (xfs_growfs) ಓಡಿಸ್ರಿ, ಎರಡೂ ಮೌಂಟ್ ಇದ್ದಂಗೇ, ಅಂದ್ರ ಬಳಕಿಯಾಗ ಇದ್ದಂಗೇ, ಬೆಳೀತಾವ.

ನನಗ ನಿಜವಾಗ್ಲೂ ಅಂಜಿಕಿ ಇರೋದು ಪಿವಿಕ್ರಿಯೇಟ್ ಹೊಡಿಯೋ ಹೊತ್ತಿನಾಗ. ಡಿಸ್ಕ್ ಹೆಸರು ತಪ್ಪಿ ಡೇಟಾ ಇರೋ ಡಿಸ್ಕಿಗೆ ಹೊಡೆದು, ಅದು ಕೇಳೋ ಪ್ರಶ್ನೆಗೆ ವೈ ಅಂದ್ಬಿಟ್ರ ಬಿಲ್ ಎಲ್ಲ ಕೈಬಿಟ್ಟಂಗ, ಅದಕ್ಕ ಡಿಸ್ಕ್ ಹಾಕೋಕಿಂತ ಮೊದಲೊಮ್ಮೆ, ಹಾಕಿದ ಮ್ಯಾಲೊಮ್ಮೆ ಎಲ್‌ಎಸ್‌ಬಿಎಲ್‌ಕೆ ನೋಡಿ ಹೊಸದಾಗಿ ಬಂದ ಹೆಸರು ಯಾವುದು ಅಂತ ಕಾಗದದ ಮ್ಯಾಲ ಬರ್ಕೋರಿ. ಬ್ಯಾಕಪ್ ಬ್ಯಾರೆ ಮಷೀನ್‌ನಾಗ ಇರ್ಲಿ, ಯುಪಿಎಸ್ ಬ್ಯಾಟರಿನೂ ನೋಡ್ಕೋರಿ, ನಡುವ ಕರೆಂಟ್ ಹೋಗ್ಬಾರ್ದು.

ಇನ್ನೊಂದು, ಎರಡು ಡಿಸ್ಕ್ ಸೇರಿಸಿ ಒಂದೇ ವಾಲ್ಯೂಮ್ ಮಾಡಿದ್ರ ಯಾವುದೊಂದು ಕೆಟ್ರೂ ಪೂರ್ತಿ ಹೋಗ್ತದ, ಹಿಂಗಾಗಿ ಸ್ವಂತ ಮಷೀನ್ ಇದ್ದೋರು ಜೋಡಿ ಡಿಸ್ಕ್ ತಂದು ರೇಡ್1 (ಎರಡೂ ಡಿಸ್ಕಿನಾಗ ಒಂದೇ ಡೇಟಾ ಇರೋ ಜೋಡಣಿ) ಮಾಡಿ ಸೇರಿಸ್ರಿ, ಇಲ್ಲಿ ರೊಕ್ಕ ಉಳಿಸ್ಲಿಕ್ಕ ಹೋಗ್ಬ್ಯಾಡ್ರಿ.

ವರ್ಚುವಲ್ ಮಷೀನ್‌ನಾಗ ಇದ್ದ ಡಿಸ್ಕನ್ನೇ ದೊಡ್ಡದು ಮಾಡಿದ್ರ, ಹೊಸ ಅಳತಿ ಲಿನಕ್ಸಿಗೆ ಕಾಣೋಹಂಗ ರೀಸ್ಕ್ಯಾನ್ ಮಾಡಿ, ಗ್ರೋಪಾರ್ಟ್ (growpart)‌ಲಿಂದ ಪಾರ್ಟಿಶನ್ (ಡಿಸ್ಕಿನ ಭಾಗ) ಬೆಳೆಸಿ, ಅದು ಎಲ್‌ವಿಎಂಗೆ ತಿಳಿಯೋಹಂಗ ಪಿವಿರಿಸೈಜ್ (pvresize), ಆಮ್ಯಾಲ ಅದೇ ಎಲ್‌ವಿಎಕ್ಸ್‌ಟೆಂಡ್. ಎಲ್‌ವಿಎಂ ಇಲ್ದಿದ್ರೂ ನಡೀತದ, ಬೆಳೆಸ್ಬೇಕಾದ ಪಾರ್ಟಿಶನ್ ಡಿಸ್ಕಿನ ಕೊನಿಗೆ ಇದ್ರ ಮಾತ್ರ.

ಸಿಕ್ಕ ಜಾಗ ಎಲ್ಲಾ ಒಂದೇ ಸಲ ಕೊಡಬ್ಯಾಡ್ರಿ. ಇಎಕ್ಸ್‌ಟಿ4 ಸಣ್ಣದು ಮಾಡ್ಬೇಕಂದ್ರ ಅನ್‌ಮೌಂಟ್ ಮಾಡ್ಬೇಕು, ಎಕ್ಸ್ಎಫ್ಎಸ್ ಅಂತೂ ಹಿಂದಕ್ಕ ಬರೋದಿಲ್ಲ ಅಂತನೇ ಲೆಕ್ಕ ಹಾಕ್ರಿ. 500 ಜಿಬಿ ಹಾಕಿದ್ರ ಈಗ 200 ಕೊಡ್ರಿ, ಉಳಿದದ್ದು ವಾಲ್ಯೂಮ್ ಗ್ರೂಪ್‌ನಾಗೇ ಇರ್ಲಿ, ಮುಂದ ಬೇಕಾದಾಗ ಮತ್ತ ಒಂದೇ ಕಮಾಂಡ್.